ಗಾಂಜಾ ಗಿಡದ ಇಂಗು

ಬೆಂಗಳೂರಿಂದ ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದವರನ್ನ ಕಾರಲ್ಲಿ ಕೂರಿಸಿಕೊಂಡು ರಾತ್ರಿ ಹೊತ್ತು ಬೆಟ್ಟದ ರಸ್ತೇಲಿ ಹೊರಟರೆ, ಒಂದಲ್ಲ ಒಂದು ತಿರುವಿನಲ್ಲಿ ಅವರು ಮೂಗು ಮುಚ್ಚಿಕೊಳ್ತಾರೆ. "ಥೂ, ಯಾರೋ ಗಾಂಜಾ ಹೊಡೀತಿದಾರಲ್ರೀ!" ಯಾರೂ ಹೊಡೀತಿರಲ್ಲ. ಸ್ಕಂಕ್ ಅನ್ನೋ ಬಿಳಿ ಪಟ್ಟೆಯ ಪ್ರಾಣಿ ರಸ್ತೆ ದಾಟುವಾಗ ಹೆದರಿ ಬಾಲ ಎತ್ತಿರುತ್ತೆ, ಅಷ್ಟೇ. ಮರುದಿನ ಅದೇ ಜನ ಸ್ಯಾನ್ ಫ್ರಾನ್ಸಿಸ್ಕೋ ಪೇಟೆ ಬೀದೀಲಿ ನಿಂತು, "ಇಲ್ಲೂ ಸ್ಕಂಕ್ ಬಂದಿದೆಯಾ?" ಅಂತಾರೆ. ಈ ಸಲ ಅದು ಗಾಂಜಾ.

ಇದನ್ನ ಹೊಸಬರ ಗೊಂದಲ ಅಂತ ತಳ್ಳಿಹಾಕೋ ಹಾಗಿಲ್ಲ. 1970ರ ದಶಕದಲ್ಲಿ ಇದೇ ಕ್ಯಾಲಿಫೋರ್ನಿಯಾದ ಕೆಲವು ಬೆಳೆಗಾರರು ಕೊಲಂಬಿಯಾದ್ದು, ಮೆಕ್ಸಿಕೋದ ಅಕಾಪುಲ್ಕೊ ಗೋಲ್ಡ್, ಅಫ್ಘಾನಿಸ್ತಾನದ್ದು, ಈ ಮೂರನ್ನೂ ಬೆರೆಸಿ ಒಂದು ತಳಿ ಕಟ್ಟಿದರು. ಅದರ ನಾತಕ್ಕೆ ತಕ್ಕ ಹಾಗೆ ಹೆಸರು ಇಟ್ಟರು, ಸ್ಕಂಕ್ ನಂಬರ್ 1. ಆಮೇಲೆ ಅದರ ಬೀಜ ನೆದರ್ಲ್ಯಾಂಡ್ಸಿಗೆ ಹೋಯ್ತು, ಅಲ್ಲಿಂದ ಜಗತ್ತಿನ ಎಲ್ಲ ಕಡೆ ಹಬ್ಬಿತು. ಬ್ರಿಟನ್ನಿನ ಪತ್ರಿಕೆಗಳಲ್ಲಿ ಇವತ್ತಿಗೂ ಗಾಟಿನ ಗಾಂಜಾಕ್ಕೆಲ್ಲ 'ಸ್ಕಂಕ್' ಅಂತಲೇ ಬರೀತಾರೆ. ಹೆಸರಿಟ್ಟು ಸುಮಾರು 40 ವರ್ಷ ಆದಮೇಲೆ, ಅಂದ್ರೆ 2021ರಲ್ಲಿ, ಆ ನಾತ ಗಿಡದ ಯಾವ ಅಣುವಿನಿಂದ ಬರುತ್ತೆ ಅನ್ನೋದು ಕಾಗದದ ಮೇಲೆ ಬಂತು. ನಾನು ಆ ಲೇಖನ ಓದಿದ್ದು ಆಫೀಸಿನ ಕ್ಯಾಂಟೀನಲ್ಲಿ, ಮೊಸರನ್ನದ ಡಬ್ಬಿ ತೆಗೆದಿಟ್ಟುಕೊಂಡು. ಮೊಸರನ್ನ ಹಾಗೇ ಉಳೀತು.

ಯಾಕಂದ್ರೆ ನನ್ನ ಹೊಟ್ಟೆಪಾಡೂ ಅದೇ ವಾಸನೆಯ ಪಕ್ಕದ ಮನೇದು. ಬಿಯರಿಗೆ ಹಾಕೋ ಹಾಪ್ಸ್ ಹೂವಿನ ಪರಿಮಳ ಅಳೆಯೋದು ನನ್ನ ಕೆಲಸ. ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಅಂತ ಒಂದು ಯಂತ್ರ. ಹೂವಿನ ಆವಿಯನ್ನ ಕೂದಲಿನಂಥ ಉದ್ದನೆ ಕೊಳವೆಯೊಳಗೆ ಓಡಿಸುತ್ತೆ. ಹಗುರವಾದವು ಬೇಗ, ಭಾರದವು ನಿಧಾನ, ಒಂದೊಂದಾಗಿ ಇನ್ನೊಂದು ತುದೀಲಿ ಹೊರಬರ್ತವೆ. ಪರದೆ ಮೇಲೆ ಬೆಟ್ಟದ ಸಾಲಿನ ಹಾಗೆ ಗೆರೆ ಏಳುತ್ತೆ. ಒಂದೊಂದು ಶಿಖರ ಒಂದೊಂದು ಅಣು. ಕೆಲವು ಯಂತ್ರಗಳಲ್ಲಿ ಆ ತುದಿಗೆ ಒಂದು ಗಾಜಿನ ಮೂತಿ ಇರುತ್ತೆ, ಅದಕ್ಕೆ ಮೂಗಿಟ್ಟು ಕೂತು, ಬಂದ ವಾಸನೆಯನ್ನ ಬಾಯಲ್ಲಿ ಹೇಳ್ತಾ ಹೋಗಬೇಕು: ನಿಂಬೆ, ಹುಲ್ಲು, ಒದ್ದೆ ಗೋಣಿಚೀಲ, ಏನೂ ಇಲ್ಲ, ಏನೂ ಇಲ್ಲ, ಬೆಳ್ಳುಳ್ಳಿ. ನಮ್ಮಮ್ಮ ಇದನ್ನ ನೆಂಟರಿಗೆ "ಮಗಳು ಕೆಮಿಕಲ್ ಕಂಪನೀಲಿದಾಳೆ" ಅಂತ ಒಂದೇ ಮಾತಲ್ಲಿ ಮುಗಿಸ್ತಾಳೆ. ಬಿಯರಿನ ವಿಷಯ ನಮ್ಮನೇಲಿ ಎತ್ತೋ ಹಾಗಿಲ್ಲ. ಹಾಪ್ಸ್ ಮತ್ತೆ ಗಾಂಜಾ ಒಂದೇ ಸಸ್ಯಕುಟುಂಬದವು, ಕ್ಯಾನಬೇಸಿಯೆ ಅಂತ ಅದರ ಹೆಸರು. ಈ ವಿಷಯವಂತೂ ಇನ್ನೂ ಎತ್ತಿಲ್ಲ.

ಗಾಂಜಾದ ಹೆಣ್ಣು ಹೂವನ್ನ ಭೂತಗನ್ನಡಿ ಹಿಡಿದು ನೋಡಿದರೆ ಗಾಜಿನ ಗುಂಡುಸೂಜಿ ಚುಚ್ಚಿಟ್ಟ ಹಾಗೆ ಸಣ್ಣ ಸಣ್ಣ ಗ್ರಂಥಿಗಳು ಕಾಣ್ತವೆ. ಅಮಲಿನ ಟಿಎಚ್‌ಸಿ ತಯಾರಾಗೋದು ಅಲ್ಲೇ, ಪರಿಮಳ ತಯಾರಾಗೋದೂ ಅಲ್ಲೇ. ಪರಿಮಳದ ದೊಡ್ಡ ಪಾಲು ಟರ್ಪೀನುಗಳದ್ದು. ಹೆಸರು ಹೊಸದಿರಬಹುದು, ವಸ್ತು ನಿಮ್ಮ ಅಡಿಗೆಮನೇಲೇ ಇದೆ. ಮಿರ್ಸೀನ್ ಮಾವಿನಲ್ಲಿದೆ, ಲಿಮೊನೀನ್ ಕಿತ್ತಳೆ ಸಿಪ್ಪೇಲಿ, ಲಿನಲೂಲ್ ಕೊತ್ತಂಬರಿ ಬೀಜದಲ್ಲಿ, ಕ್ಯಾರಿಯೊಫಿಲೀನ್ ಕಾಳುಮೆಣಸು ಲವಂಗದಲ್ಲಿ. ಈ ಕ್ಯಾರಿಯೊಫಿಲೀನ್ ಹಳೇದಾಗಿ ಗಾಳಿಯ ಜತೆ ಸೇರಿದಾಗ ಆಗೋ ಆಕ್ಸೈಡನ್ನ ಹಿಡಿದೇ ಪೊಲೀಸ್ ನಾಯಿಗಳು ಗಾಂಜಾ ಪತ್ತೆ ಮಾಡ್ತವೆ ಅಂತ 1970ರ ದಶಕದಲ್ಲೇ ತೋರಿಸಿದ್ದರು. ಅಂದ್ರೆ ನಾಯಿ ಹುಡುಕ್ತಿರೋದು ಅಮಲನ್ನಲ್ಲ, ಅಮಲಿನ ಪಕ್ಕ ಕೂತ ಮೆಣಸಿನ ಘಾಟನ್ನ.

ಟರ್ಪೀನುಗಳು ಒಣ ಹೂವಿನ ತೂಕದಲ್ಲಿ ನೂರಕ್ಕೆ ಒಂದೆರಡು ಪಾಲು ಇರ್ತವೆ, ಕೆಲವು ತಳಿಗಳಲ್ಲಿ ಇನ್ನೂ ಜಾಸ್ತಿ. ಅಳೆಯೋದೂ ಸುಲಭ. ಹಾಗಾಗಿ ಇಲ್ಲಿನ ಅಂಗಡಿಗಳಲ್ಲಿ ಡಬ್ಬಿ ಮೇಲೆ ಟರ್ಪೀನಿನ ಪಟ್ಟಿ ಅಚ್ಚು ಹಾಕೋದು ಫ್ಯಾಷನ್ ಆಯ್ತು. ಆದರೆ ಮೂಗಿದ್ದವರಿಗೆಲ್ಲ ಒಂದು ಅನುಮಾನ ಇದ್ದೇ ಇತ್ತು. ಮಾವು, ಕಿತ್ತಳೆ, ಮೆಣಸು ಎಲ್ಲಾ ಸೇರಿಸಿ ಕುಟ್ಟಿದರೂ ಗಾಂಜಾ ವಾಸನೆ ಬರಲ್ಲವಲ್ಲ? ಏನೋ ಒಂದು ಲೆಕ್ಕದಿಂದ ಬಿಟ್ಟುಹೋಗಿದೆ.

ಸಾರಿನಲ್ಲಿ ತೂಕದ ಲೆಕ್ಕ ತೆಗೆದರೆ ನೀರು, ಬೇಳೆ, ಹುಣಸೆ, ಉಪ್ಪು, ಪುಡಿ. ಇಂಗು ಲೆಕ್ಕಕ್ಕೇ ಬರಲ್ಲ. ಆದರೂ ಒಗ್ಗರಣೇಲಿ ಇಂಗು ಬಿದ್ದಿದ್ದು ಹೊರಗಿನ ಗೇಟಿನ ಹತ್ತಿರ ನಿಂತವರಿಗೆ ಗೊತ್ತಾಗುತ್ತೆ. ಇಂಗಿನ ಘಾಟು ಗಂಧಕದ ಅಣುಗಳದ್ದು. ನಮ್ಮ ಮೂಗಿಗೆ ಗಂಧಕದ ಮೇಲೆ ಮಾತ್ರ ಅದೇನೋ ಹಳೇ ದ್ವೇಷ, ಎಷ್ಟು ಕಮ್ಮಿ ಇದ್ದರೂ ಹಿಡಿದುಬಿಡುತ್ತೆ. ಸಿಲಿಂಡರ್ ಗ್ಯಾಸನ್ನೇ ನೋಡಿ. ಅದಕ್ಕೆ ಸ್ವಂತದ ವಾಸನೆ ಅಂತ ಹೇಳಿಕೊಳ್ಳುವಂಥದ್ದು ಇಲ್ಲ. ಸೋರಿದರೆ ಗೊತ್ತಾಗಲಿ ಅಂತ ಎಥೈಲ್ ಮರ್ಕ್ಯಾಪ್ಟನ್ ಅನ್ನೋ ಗಂಧಕದ ದ್ರವವನ್ನ ಲಕ್ಷಕ್ಕೆ ಕೆಲವೇ ಪಾಲು ಬೆರೆಸ್ತಾರೆ. ಮನೆಯವರೆಲ್ಲ ಕಿಟಕಿ ತೆಗೆಯೋಕೆ ಓಡೋದು ಆ ಕೆಲವೇ ಪಾಲಿಗೆ.

2021ರ ಲೇಖನ ಹಿಡಿದಿದ್ದು ಇದನ್ನೇ. ಕ್ಯಾಲಿಫೋರ್ನಿಯಾದ ಇಯಾನ್ ಓಸ್ವಾಲ್ಡ್ ಮತ್ತು ಜತೆಗಾರರು ಒಂದು ಕೊಳವೆ ಸಾಲದು ಅಂತ ಎರಡು ಕೊಳವೆಗಳನ್ನ ಒಂದರ ಹಿಂದೆ ಒಂದು ಜೋಡಿಸಿ, ಗಂಧಕವನ್ನಷ್ಟೇ ಗುರುತಿಸೋ ಸಂವೇದಕ ಇಟ್ಟು ನೋಡಿದರು. ಟರ್ಪೀನಿನ ದೊಡ್ಡ ದೊಡ್ಡ ಶಿಖರಗಳ ನೆರಳಲ್ಲಿ ಮುಚ್ಚಿಹೋಗಿದ್ದ ಗಂಧಕದ ಅಣುಗಳ ಒಂದು ಪುಟ್ಟ ಸಂಸಾರವೇ ಸಿಕ್ಕಿತು. ಅದರ ಯಜಮಾನನ ಹೆಸರು 3-ಮೀಥೈಲ್-2-ಬ್ಯೂಟೀನ್-1-ಥಯಾಲ್. ಬಾಯಲ್ಲಿ ಹೊರಳೋದು ಕಷ್ಟ, ನಾವು ಎಂಬಿಟಿ ಅಂತೀವಿ. ಸ್ಕಂಕ್ ಪ್ರಾಣಿ ಸಿಡಿಸೋ ದ್ರವದಲ್ಲಿರೋ ಒಂದು ಮುಖ್ಯ ಅಣುವಿಗೂ ಇದಕ್ಕೂ ಎರಡೇ ಎರಡು ಹೈಡ್ರೋಜನ್ ಪರಮಾಣುಗಳ ವ್ಯತ್ಯಾಸ. ಕಾರಲ್ಲಿ ಕೂತು ಮೂಗು ಮುಚ್ಚಿಕೊಂಡ ನಮ್ಮ ಬೆಂಗಳೂರಿನವರು ರಸಾಯನಶಾಸ್ತ್ರದ ಪ್ರಕಾರ ತೊಂಬತ್ತೊಂಬತ್ತು ಮಾರ್ಕ್ಸ್ ತಗೊಂಡು ಪಾಸು.

ನನ್ನ ಮೊಸರನ್ನ ಉಳಿದಿದ್ದು ಎಂಬಿಟಿ ಅನ್ನೋ ಮೂರಕ್ಷರ ಕಂಡು. ಬಿಯರ್ ಲ್ಯಾಬಿನವರಿಗೆ ಅದು ಪರಮಶತ್ರು. ಹಾಪ್ಸಿನ ಕಹಿ ಅಂಶದ ಮೇಲೆ ಬಿಸಿಲು ಬಿದ್ದರೆ, ಬಿಯರಿನಲ್ಲೇ ಇರೋ ಒಂದು ಬಿ ವಿಟಮಿನ್ ಬೆಳಕನ್ನ ಹೀರಿಕೊಂಡು ಆ ಅಂಶವನ್ನ ಮುರಿಯುತ್ತೆ. ಮುರಿದ ತುಂಡು ಗಂಧಕದ ಜತೆ ಸೇರಿ ಇದೇ ಎಂಬಿಟಿ ಆಗುತ್ತೆ. ಬಿಯರ್ ಬಾಟ್ಲಿ ಕಂದು ಬಣ್ಣ ಯಾಕೆ ಅಂತ ಯಾವತ್ತಾದರೂ ಯೋಚಿಸಿದ್ದರೆ, ಉತ್ತರ ಇದು. ಪಬ್ಬಿನ ಟೆರೇಸ್‌ನಲ್ಲಿ ಮಧ್ಯಾಹ್ನ ಹಸಿರು ಬಾಟ್ಲಿ ಹಿಡಿದು ಹರಟೆ ಹೊಡೆಯೋ ಗೆಳೆಯರು ಅರ್ಧ ಗಂಟೆ ಆದಮೇಲೆ "ಏನೋ ಒಂಥರಾ ಇದೆ ಮಗಾ" ಅಂದರೆ ಅದರ ಕಾರಣವೂ ಇದೇ. ಒಂದು ಲೀಟರಿಗೆ ಕೆಲವೇ ನ್ಯಾನೋಗ್ರಾಂ ಸಾಕು, ಮೂಗು ಪತ್ತೆ ಹಚ್ಚುತ್ತೆ. ಒಲಿಂಪಿಕ್ ಈಜುಕೊಳದಲ್ಲಿ ಸುಮಾರು 25 ಲಕ್ಷ ಲೀಟರ್ ಹಿಡಿಯುತ್ತೆ. ಅಷ್ಟೂ ಬಿಯರ್ ತುಂಬಿಸಿ ಕೆಡಿಸೋಕೆ ಬೇಕಾದ ಎಂಬಿಟಿ ಒಂದು ಅಕ್ಕಿಕಾಳಿಗಿಂತ ಹಗುರ. ನಾವು ಲಕ್ಷಾಂತರ ಡಾಲರ್ ಸುರಿದು ಇಲ್ಲದ ಹಾಗೆ ಮಾಡೋ ಅಣುವನ್ನ ಪಕ್ಕದ ಮನೆಯವರು ಬೇಕು ಬೇಕು ಅಂತ ಹುಡುಕ್ತಿದಾರೆ!

ಇನ್ನೊಂದು ವಿಷಯವೂ ಅದರಲ್ಲಿತ್ತು, ತಳಿ ಮಾಡೋವರಿಗೆ ತಲೆನೋವಿನ ವಿಷಯ. ಈ ಗಂಧಕದ ಅಣುಗಳು ಗಿಡ ಎಳೇದಿದ್ದಾಗ ಇರೋದಿಲ್ಲ. ಹೂವು ಬಲಿಯೋ ಕೊನೇ ವಾರಗಳಲ್ಲಿ ಏರ್ತಾ ಹೋಗ್ತವೆ, ಕೊಯ್ದು ಒಣಗಿಸಿ ಹದ ಮಾಡುವಾಗ ತುತ್ತತುದಿ ಮುಟ್ಟುತ್ತವೆ. ಆಮೇಲೆ ಡಬ್ಬೀಲಿಟ್ಟ ಕೆಲವೇ ದಿನಕ್ಕೆ ಜರ್ರನೆ ಇಳೀತವೆ. ಇದು ಯಾಕೆ ತಲೆನೋವು ಅಂತ ಆಮೇಲೆ ಹೇಳ್ತೀನಿ.

ಎರಡು ವರ್ಷ ಬಿಟ್ಟು, 2023ರಲ್ಲಿ, ಅದೇ ಗುಂಪು ಇನ್ನೊಂದು ಲೇಖನ ಬರೀತು. ಟರ್ಪೀನಿನ ಪಟ್ಟಿ ಹೆಚ್ಚುಕಮ್ಮಿ ಒಂದೇ ಇದ್ದರೂ ವಾಸನೆ ಒಂದಕ್ಕೊಂದು ಸಂಬಂಧವೇ ಇಲ್ಲದ ತಳಿಗಳಿದಾವಲ್ಲ, ಅವುಗಳ ವ್ಯತ್ಯಾಸ ಎಲ್ಲಿದೆ ಅಂತ. ವ್ಯತ್ಯಾಸ ಇದ್ದದ್ದು ಟರ್ಪೀನ್ ಅಲ್ಲದ, ಲೆಕ್ಕಕ್ಕೆ ಸಿಗದಷ್ಟು ಸಣ್ಣ ಪಾಲಿನ ಅಣುಗಳಲ್ಲಿ. ಹಣ್ಣಿನ ವಾಸನೆಯ ತಳಿಗಳಲ್ಲಿ ಚಕ್ಕೋತ, ಪ್ಯಾಷನ್ ಫ್ರೂಟುಗಳಲ್ಲಿರೋ ಜಾತಿಯ ಗಂಧಕದ ಅಣುಗಳು. ಬೆಳ್ಳುಳ್ಳಿ, ಅಣಬೆ, ಪೆಟ್ರೋಲು ಅಂತೆಲ್ಲ ವರ್ಣಿಸ್ತಾರಲ್ಲ, ಆ ತಳಿಗಳಲ್ಲಿ ಸ್ಕಟೋಲ್.

ಸ್ಕಟೋಲ್ ಹೆಸರು ಹುಟ್ಟಿದ್ದು ಗ್ರೀಕಿನ ಮಲ ಅನ್ನೋ ಪದದಿಂದ. ಮಲದ ನಾತದ ಅಣುವೇ ಅದು. ಆದರೆ ಮುಖ ಸಿಂಡರಿಸೋಕೆ ಮುಂಚೆ ಸ್ವಲ್ಪ ತಾಳಿ. ಸ್ಕಟೋಲಿನ ಅಣ್ಣ ಇಂಡೋಲ್, ಅದೂ ಮಲದಲ್ಲಿದೆ, ಮಲ್ಲಿಗೇಲೂ ಇದೆ. ಮಲ್ಲಿಗೆ ಮೊಗ್ಗು ಸಂಜೆ ಅರಳುವಾಗ ಬರೋ ಆ ತಲೆ ತಿರುಗಿಸೋ ಭಾರವಾದ ಪರಿಮಳದಲ್ಲಿ ಇಂಡೋಲಿನ ಕೈವಾಡ ಇದೆ. ಅದನ್ನ ತೆಗೆದುಹಾಕಿದರೆ ಉಳಿಯೋದು ಅಗ್ಗದ ರೂಮ್ ಫ್ರೆಶ್ನರ್. ಇನ್ನು ಪುನುಗು. ತಿರುಪತಿ ತಿಮ್ಮಪ್ಪನಿಗೆ ಹಚ್ಚೋ ಪುನುಗು ಬೆಕ್ಕಿನ ಸ್ರಾವದಲ್ಲೂ ಸ್ಕಟೋಲ್ ಇದೆ. ಪರಿಮಳಕ್ಕೂ ದುರ್ನಾತಕ್ಕೂ ನಡುವೆ ಇರೋದು ಎಷ್ಟು ಪಾಲು ಅನ್ನೋ ಲೆಕ್ಕ ಅಂತ ನಮ್ಮ ಹಿರೀಕರಿಗೆ ಯಂತ್ರ ಇಲ್ಲದೇನೇ ಗೊತ್ತಿತ್ತು.

ಈಗ ತಲೆನೋವಿಗೆ ಬರ್ತೀನಿ. ಗಾಂಜಾದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಮಾರಾಟಕ್ಕೆ ಬೇಕಿರೋದು ಹೆಣ್ಣು ಹೂವು. ಹಾಗಾಗಿ ತಳಿ ಮಾಡೋವನಿಗೆ ತಾಯಿಯ ಪರಿಮಳ ಗೊತ್ತು, ತಂದೇದು ಗೊತ್ತಿಲ್ಲ. ಗಂಡು ಗಿಡದ ಕಾಂಡ ತಿಕ್ಕಿ ಮೂಸಿ ಒಂದು ಅಂದಾಜು ಮಾಡ್ತಾರೆ. ಸರಿಯಾಗಿ ಗೊತ್ತಾಗೋದು ಅದರ ಹೆಣ್ಣುಮಕ್ಕಳು ಹೂ ಬಿಟ್ಟಾಗಲೇ. ಒಂದು ಜೋಡಿಯ ನೂರು ಬೀಜ ಬಿತ್ತಿದರೆ ನೂರೂ ಬೇರೆ ಬೇರೆ. ಅಪ್ಪ ಅಮ್ಮ ಇಬ್ಬರೂ ಹಿಂದಿನ ಎಷ್ಟೋ ತಲೆಮಾರಿನ ಬೆರಕೆ ಆಗಿರೋದರಿಂದ ಯಾವ ಮಗುವಿಗೆ ಯಾವ ಅಜ್ಜಿಯ ಗುಣ ಬರುತ್ತೆ ಹೇಳೋಕಾಗಲ್ಲ. ಆ ನೂರರಲ್ಲಿ ಒಂದನ್ನ ಹುಡುಕೋದಕ್ಕೆ ಇಲ್ಲಿ ಫಿನೋ ಹಂಟ್ ಅಂತಾರೆ, ಶಿಕಾರಿ! ಸಿಕ್ಕಮೇಲೆ ಮತ್ತೆ ಬೀಜದ ತಂಟೆಗೆ ಹೋಗಲ್ಲ. ಕಡ್ಡಿ ಕತ್ತರಿಸಿ ನೆಟ್ಟು ಅದೇ ಗಿಡವನ್ನ ಸಾವಿರ ಮಾಡ್ತಾರೆ.

ಟರ್ಪೀನುಗಳ ವಿಷಯದಲ್ಲಿ ಈ ಶಿಕಾರಿಗೆ ಈಗ ಕೋವಿ ಸಿಕ್ಕಿದೆ. ಯಾವ ಟರ್ಪೀನನ್ನ ಯಾವ ಜೀನ್ ಕಟ್ಟುತ್ತೆ ಅನ್ನೋದರಲ್ಲಿ ಬಹಳಷ್ಟು ತಿಳಿದಿದೆ, ಸಸಿಯ ಒಂದು ಎಲೆಯಿಂದ ಕೆಲವನ್ನ ಮೊದಲೇ ಊಹಿಸಬಹುದು. ಕೆನಡಾದಲ್ಲಿ 2021ರಲ್ಲೇ ಒಂದು ಗುಂಪು 297 ಸ್ಯಾಂಪಲ್‌ಗಳನ್ನ ಇಟ್ಟುಕೊಂಡು, ಅಂಗಡಿಯವರು ಕೂಗಿ ಕೂಗಿ ಮಾರೋ 'ಇಂಡಿಕಾ', 'ಸಟೈವಾ' ಅನ್ನೋ ಲೇಬಲ್ಲುಗಳಿಗೂ ಗಿಡದ ವಂಶಕ್ಕೂ ಅಂಥ ಸಂಬಂಧ ಇಲ್ಲ, ಲೇಬಲ್ಲು ಹೊಂದಿಕೆಯಾಗೋದು ಬೆರಳೆಣಿಕೆಯ ಟರ್ಪೀನುಗಳ ಜತೆ ಮಾತ್ರ ಅಂತ ತೋರಿಸಿತು. ಅಂದ್ರೆ ಜನ ಇಷ್ಟು ವರ್ಷ ಜಾತಿ ಹೆಸರಲ್ಲಿ ವಾಸನೆಯನ್ನೇ ವಿಂಗಡಿಸ್ತಿದ್ದರು. ಆದರೆ ಗಂಧಕದ ಅಣುಗಳಿಗೆ ಎಲೆ ನೋಡಿ ಹೇಳೋ ದಾರಿ ಇಲ್ಲ, ಎಳೆ ಗಿಡದಲ್ಲಿ ಅವೇ ಇಲ್ಲವಲ್ಲ! ಪ್ರತಿ ಗಿಡವನ್ನೂ ಹೂವಾಗೋ ತನಕ ಸಾಕಬೇಕು, ಕೊಯ್ಯಬೇಕು, ಒಣಗಿಸಬೇಕು, ಹದವಾದ ಆ ಕೆಲವು ದಿನಗಳ ಕಿಂಡೀಲಿ ಮೂಸಬೇಕು. ನೂರು ಗಿಡಕ್ಕೆ ಜಾಗ, ದೀಪ, ನೀರು, ಮೂರು ನಾಲ್ಕು ತಿಂಗಳು. ಹಣವಂತರ ಆಟ.

ನಮ್ಮೂರು ಸಾಗರದ ಕಡೆ. ಅಲ್ಲಿನವರಿಗೆ ಈ ಕಥೆಯಲ್ಲಿ ಆಶ್ಚರ್ಯ ಏನೂ ಇಲ್ಲ. ಅಪ್ಪೆಮಿಡಿ ಇರೋದು ಹೀಗೇ. ಹೊಳೆ ದಂಡೆಯ ಒಂದೊಂದು ಕಾಡುಮಾವಿನ ಮರಕ್ಕೂ ಒಂದೊಂದು ಪರಿಮಳ, ಒಂದೊಂದು ಹೆಸರು. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಜೀರಿಗೆ ಅಪ್ಪೆ. ಗೊರಟು ಬಿತ್ತಿದರೆ ತಾಯಿಯ ಪರಿಮಳ ಬರುತ್ತೆ ಅನ್ನೋ ಖಾತ್ರಿ ಇಲ್ಲ. ಹಾಗಾಗಿ ಕಸಿ. ಪರಿಮಳ ಇರೋದು ಸೊನೇಲಿ. ಮಾವಿನ ಸೊನೇಲಿ ಮಿರ್ಸೀನ್, ಆಸಿಮೀನ್, ಲಿಮೊನೀನ್ ಇದಾವೆ ಅಂತ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಅಳೆದಿದಾರೆ. ಗಾಂಜಾದಲ್ಲಿರೋವೂ ಇವೇ! ಅಪ್ಪಯ್ಯನಿಗೆ ಫೋನಲ್ಲಿ ಇದನ್ನ ಹೇಳಿದೆ, ಗಾಂಜಾ ಅನ್ನೋ ಜಾಗದಲ್ಲಿ 'ಒಂದು ಔಷಧಿ ಗಿಡ' ಅಂತ ಇಟ್ಟು. ಗಂಡು ಗಿಡದ ಗುಣ ಹೇಗೆ ಕಂಡುಹಿಡೀತಾರೆ ಅಂದಿದ್ದಕ್ಕೆ, ಕೇಳೋದೇನಿದೆ ಅನ್ನೋ ಧಾಟೀಲಿ, "ಎಲೆ ತಿಕ್ಕಿ ನೋಡಿರೆ ಗೊತ್ತಾಗ್ತು" ಅಂದ. ಕಸಿಗೆ ಕಡ್ಡಿ ಆರಿಸುವಾಗ ಅವನು ಮಾಡೋದೂ ಅಷ್ಟೇ. ಹೊಸ ಮರ ಫಸಲಿಗೆ ಬರೋಕೆ ವರ್ಷಗಟ್ಟಲೆ ಕಾಯಬೇಕಾದ ಜನಕ್ಕೆ ಮೂರು ನಾಲ್ಕು ತಿಂಗಳು ತಲೆನೋವು ಅನ್ನಿಸಲೇ ಇಲ್ಲ.

ತಳಿ ಮಾಡುವಾಗ ಅಳೆದದ್ದು ಬೆಳೆಯುತ್ತೆ, ಅಳೆಯದ್ದು ಸದ್ದಿಲ್ಲದೆ ಜಾರಿಹೋಗುತ್ತೆ. ಟೊಮೇಟೊ ಇದಕ್ಕೆ ದೊಡ್ಡ ಸಾಕ್ಷಿ. ಫ್ಲಾರಿಡಾದ ಹ್ಯಾರಿ ಕ್ಲೀ ಅವರ ಗುಂಪು 2017ರಲ್ಲಿ 398 ಟೊಮೇಟೊ ತಳಿಗಳನ್ನ ಹೋಲಿಸಿ ನೋಡಿ, ಇಳುವರಿ, ಗಾತ್ರ, ಗಟ್ಟಿ ಸಿಪ್ಪೆ ಅಂತ ಆರಿಸ್ತಾ ಆರಿಸ್ತಾ ರುಚಿಯ ಯಾವ್ಯಾವ ಸುವಾಸನೆಯ ಅಣುಗಳು ಕಮ್ಮಿಯಾದವು ಅಂತ ಪಟ್ಟಿ ಕೊಟ್ಟಿತು. ಯಾರೂ ಬೇಕಂತ ರುಚಿ ಕೆಡಿಸಲಿಲ್ಲ. ರುಚಿಗೆ ದುಡ್ಡು ಕೊಡೋವರಿರಲಿಲ್ಲ.

ಗಾಂಜಾದಲ್ಲಿ ದುಡ್ಡು ಸಿಗೋದು ಟಿಎಚ್‌ಸಿ ಅಂಕಿಗೆ. ಕ್ಯಾಲಿಫೋರ್ನಿಯಾದಲ್ಲಿ 2018ರ ಜನವರಿ 1ರಿಂದ ದೊಡ್ಡವರಿಗೆ ಅಂಗಡೀಲಿ ಮಾರಾಟ ಶುರುವಾಯ್ತು. ಡಬ್ಬಿ ಮೇಲೆ ಟಿಎಚ್‌ಸಿ ಎಷ್ಟು ಅಂತ ಬರೆಯೋದು ಕಡ್ಡಾಯ. ಗಿರಾಕಿ ಏನು ಮಾಡ್ತಾನೆ? ಎಂಆರ್‌ಪಿ ನೋಡೋ ಹಾಗೆ ಆ ಅಂಕಿ ನೋಡ್ತಾನೆ, 22ಕ್ಕಿಂತ 28 ಮೇಲು. ಡಬ್ಬಿಗೆ ಸೀಲು ಬೇರೆ, ಮೂಸೋಕೂ ಆಗಲ್ಲ. ಅಂಕಿ ಜಾಸ್ತಿ ಬರೆದುಕೊಡೋ ಲ್ಯಾಬನ್ನ ಹುಡುಕಿಕೊಂಡು ಹೋಗೋ ಚಾಳಿ ಶುರುವಾಯ್ತು ಅಂತ ಪತ್ರಿಕೆಗಳಲ್ಲೇ ಬಂದಿದೆ. ನಮ್ಮ ಸಾಫ್ಟ್‌ವೇರ್ ಗೆಳೆಯರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಅಪ್ರೈಸಲ್‌ನಲ್ಲಿ ಮುಚ್ಚಿದ ಟಿಕೆಟ್ ಎಷ್ಟು ಅಂತ ಎಣಿಸಿದರೆ ಏನಾಗುತ್ತೆ? ಟಿಕೆಟ್ಟುಗಳು ಮುಚ್ತವೆ.

ಹೀಗೆ ಕಳೆದುಹೋದವುಗಳಲ್ಲಿ ಸ್ಕಂಕ್ ವಾಸನೆಯೂ ಒಂದು ಅಂತ ಹಳೇ ಬೆಳೆಗಾರರ ಗೋಳು. ಹೆಸರೇನೋ ಉಳೀತು, ಇವತ್ತು ಸ್ಕಂಕ್ ಅಂತ ಮಾರೋ ಎಷ್ಟೋ ಬೀಜಗಳಲ್ಲಿ ಸಿಹಿ ವಾಸನೆ. ಎಂಬತ್ತರ ದಶಕದ, ಬೀದಿಯ ಆ ತುದಿಗೆ ಹೊಡೆಯೋ ನಾತ ಎಲ್ಲಿ? ಅವರು ಕೊಡೋ ಕಾರಣ ಹೀಗಿದೆ: 1983ರಲ್ಲಿ ಸರ್ಕಾರ ಹೆಲಿಕಾಪ್ಟರ್ ಹಾರಿಸಿ ಗಾಂಜಾ ತೋಟಗಳನ್ನ ಕೀಳಿಸೋ ಕಾರ್ಯಾಚರಣೆ ಶುರುಮಾಡಿತು. ಜನ ಗಿಡಗಳನ್ನ ಮನೆಯೊಳಗೆ ತಂದರು. ಒಳಗೆ ಬೆಳೆದರೆ ಪಕ್ಕದ ಮನೆಯವರ ಮೂಗೇ ಪೊಲೀಸು. ಹೆಚ್ಚು ನಾರೋ ಗಿಡ ಮೊದಲು ಕಸದ ಬುಟ್ಟಿಗೆ. ನಾತ ಇಲ್ಲದ್ದು ಬದುಕಿತು, ಅದರ ಬೀಜ ಬದುಕಿತು. ಭಯದಿಂದ ಆದ ತಳಿ ಆಯ್ಕೆ. ಈಗ ಕಾನೂನು ಬದಲಾಗಿದೆ, ಅದೇ ಜನ ಹಳೇ ಬೀಜದ ಪೊಟ್ಟಣಗಳಿಗೆ ಊರೆಲ್ಲ ಅಲೀತಿದಾರೆ. 2021ರ ಲೇಖನದಿಂದ ಅವರಿಗೆ ಸಿಕ್ಕಿದ್ದು ಒಂದೇ, ಆದರೆ ದೊಡ್ಡದು. ಏನನ್ನ ಹುಡುಕ್ತಿದೀವಿ ಅನ್ನೋದಕ್ಕೆ ಒಂದು ಹೆಸರು.

ಈ ವಂಶಾವಳೀಲಿ ನಮ್ಮ ಪಾಲೂ ಇದೆ. ಸ್ಕಂಕ್‌ನಷ್ಟೇ ಹೆಸರಾದ ಇನ್ನೊಂದು ಕ್ಯಾಲಿಫೋರ್ನಿಯಾ ತಳಿ ಹೇಜ್. ಅದರಲ್ಲಿ ಕೊಲಂಬಿಯಾ, ಮೆಕ್ಸಿಕೋ, ಥಾಯ್ಲೆಂಡಿನ ಜತೆಗೆ ದಕ್ಷಿಣ ಭಾರತದ ಬೀಜವೂ ಸೇರಿತ್ತು ಅಂತ ಅದನ್ನ ಬೆಳೆಸಿದವರು ಹೇಳ್ತಾ ಬಂದಿದಾರೆ. ಪಶ್ಚಿಮಘಟ್ಟದ ಯಾವುದೋ ಇಳಿಜಾರಿನ ಪರಿಮಳ ಸಾಂತಾ ಕ್ರೂಜ್ ಮೂಲಕ ಆಮ್‌ಸ್ಟರ್‌ಡ್ಯಾಮಿಗೆ ಹೋಗಿ ಅಲ್ಲಿ ಪ್ರಶಸ್ತಿ ಗೆದ್ದಿದೆ. ಇಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆ ಬಂತು. ಹೂವಿನ ತುದಿ ಅಂದ್ರೆ ಗಾಂಜಾ, ಅಪರಾಧ. ಹೂವಿಲ್ಲದ ಬರೀ ಎಲೆ ಮತ್ತೆ ಬೀಜ ಆ ವ್ಯಾಖ್ಯೆಯ ಹೊರಗೆ. ಭಂಗಿ ಕೆಲವು ರಾಜ್ಯಗಳಲ್ಲಿ ಸರ್ಕಾರಿ ಅಂಗಡೀಲೇ ಸಿಗೋದು ಆ ಸಂದೀಲಿ. ವಾಸನೆಯ ಕಾರ್ಖಾನೆ ಇರೋದು ಹೂವಿನಲ್ಲಿ. ಕಾಯ್ದೆ ಸರಿಯೋ ತಪ್ಪೋ ಅನ್ನೋ ಚರ್ಚೆ ಬೇರೆ, ಅಮಲಿನಿಂದ ಹಾಳಾದ ಮನೆಗಳನ್ನ ನಾನೂ ಕಂಡಿದೀನಿ. ನನ್ನ ಹೊಟ್ಟೆ ಉರಿಯೋದು ಬೇರೆ ಕಾರಣಕ್ಕೆ. ಅಪ್ಪೆಮಿಡಿಗೆ ಜಾತ್ರೆ ಮಾಡ್ತೀವಿ, ಕಸಿ ಮಾಡಿ ಹಂಚ್ತೀವಿ. ಈ ಗಿಡದ ನಾಡತಳಿಗಳಿಗೆ ನಮ್ಮಲ್ಲಿ ಬಂದ ದಾಖಲೆ ಅಂದ್ರೆ ಬಹುಮಟ್ಟಿಗೆ ಪೊಲೀಸ್ ಪಂಚನಾಮೆ. ಅದರಲ್ಲಿ ಕಿಲೋ ಎಷ್ಟು ಅಂತ ಇರುತ್ತೆ, ಪರಿಮಳ ಹೇಗಿತ್ತು ಅಂತ ಇರಲ್ಲ.

ಹೋದ ವರ್ಷ ಇಲ್ಲಿನ ಒಂದು ಬೀಜದ ಕಂಪನಿಯಿಂದ ನನಗೆ ಇಮೇಲ್ ಬಂತು. ಹಾಪ್ಸಿನಲ್ಲಿ ಗಂಧಕದ ಅಣುಗಳನ್ನ ಅಳೆದು ಅನುಭವ ಇರೋರು ಬೇಕು, ಸಾವಿರಾರು ಗಿಡ ಬೆಳೆಸಿ ಪರಿಮಳದ ಮೇಲೇ ಆರಿಸ್ತೀವಿ, ಟಿಎಚ್‌ಸಿ ಕಡೆ ತಿರುಗಿಯೂ ನೋಡಲ್ಲ, ಎರಡು ಕೊಳವೆಯ ಯಂತ್ರ ಈಗಾಗಲೇ ಕೊಂಡಿದೀವಿ ಅಂತ. ಸಂಬಳವೂ ಚೆನ್ನಾಗಿತ್ತು. ನಿಜ ಹೇಳ್ತೀನಿ, ನನಗೆ ನಿದ್ದೆ ಬರಲಿಲ್ಲ, ಸಂಬಳಕ್ಕಲ್ಲ, ಯಂತ್ರಕ್ಕೆ.

ನಾನಿರೋದು ಎಚ್-1ಬಿ ವೀಸಾದಲ್ಲಿ, ಗ್ರೀನ್ ಕಾರ್ಡ್ ಸಾಲಿನಲ್ಲಿ. ಭಾರತದವರ ಆ ಸಾಲು ಎಷ್ಟು ಉದ್ದ ಅನ್ನೋದು ಇದನ್ನ ಓದೋರಲ್ಲಿ ಅರ್ಧ ಜನಕ್ಕೆ ಬಾಯಿಪಾಠ. ರಾಜ್ಯದ ಕಾನೂನು ಏನೇ ಹೇಳಲಿ, ಕೇಂದ್ರದ ಕಾನೂನಲ್ಲಿ ಗಾಂಜಾ ನಿಷೇಧಿತ ವಸ್ತು. 2019ರ ಏಪ್ರಿಲ್‌ನಲ್ಲಿ ವಲಸೆ ಇಲಾಖೆ ಒಂದು ಸೂಚನೆ ಹೊರಡಿಸಿ, ರಾಜ್ಯದಲ್ಲಿ ಕಾನೂನುಬದ್ಧ ಆಗಿದ್ದರೂ ಈ ಉದ್ಯಮದಲ್ಲಿ ಕೆಲಸ ಮಾಡಿದರೆ ಪೌರತ್ವಕ್ಕೆ ಬೇಕಾದ 'ಒಳ್ಳೆಯ ನೈತಿಕ ನಡತೆ' ಇಲ್ಲ ಅಂತ ತೀರ್ಮಾನಿಸಬಹುದು ಅಂತು. ಲಾಯರ್ ಹತ್ತಿರ ಹೋದೆ. ಆತ ಇಮೇಲನ್ನ ಪೂರ್ತಿ ಓದಲೂ ಇಲ್ಲ. "ಒಂದು ಸೇದೂ ಸೇದದವರು ನೀವು, ಇರಬಹುದು. ಅಲ್ಲಿ ಗಿಡಕ್ಕೆ ನೀರು ಹಾಕಿದರೂ ಅಷ್ಟೇ, ಲೆಕ್ಕ ಬರೆದರೂ ಅಷ್ಟೇ, ಮೂಸಿದರೂ ಅಷ್ಟೇ" ಅಂದರು. ಹದಿನೈದು ನಿಮಿಷಕ್ಕೆ ಬಿಲ್ಲು ಕಳಿಸಿದರು. ನಾನು ಕಂಪನಿಗೆ ಎರಡು ಸಾಲಿನ ಉತ್ತರ ಬರೆದೆ, ಆಸಕ್ತಿ ಇಲ್ಲ ಅಂತ ಬರೀಲಿಲ್ಲ, ಸಾಧ್ಯ ಇಲ್ಲ ಅಂತ ಬರೆದೆ. ಇಂಗ್ಲಿಷಿನಲ್ಲಿ ಅವೆರಡಕ್ಕೂ ಇರೋ ಅಂತರ ಆ ಕಡೆಯವರಿಗೆ ತಲುಪಿತೋ ಇಲ್ಲವೋ.

ಆ ಕೆಲಸ ನನ್ನ ಪಕ್ಕದ ಮೇಜಿನವನಿಗೆ ಸಿಕ್ಕಿತು. ಒರೆಗಾನ್‌ನಲ್ಲಿ ಹುಟ್ಟಿದವನು, ವೀಸಾ ಅಂದ್ರೆ ಕ್ರೆಡಿಟ್ ಕಾರ್ಡ್ ಅಂತಷ್ಟೇ ಗೊತ್ತಿರೋ ಅದೃಷ್ಟವಂತ. ಒಳ್ಳೆ ಹುಡುಗ, ಮೂಗು ಸುಮಾರು. ಅವನಿಗೆ ಹಣ್ಣು ಹೂವು ಸಲೀಸು, ಗಂಧಕ ಬಂದಾಗ ಎಲ್ಲದಕ್ಕೂ "ಬೆಳ್ಳುಳ್ಳಿ" ಅಂತಾನೆ. ಈರುಳ್ಳಿ ಹಳಸಿದ್ದು, ಈರುಳ್ಳಿ ಹುರಿದದ್ದು, ಮೊಟ್ಟೆ, ರಬ್ಬರು, ಅವನಿಗೆ ಎಲ್ಲಾ ಬೆಳ್ಳುಳ್ಳಿ. ಅವನು ಕೆಲಸ ಬಿಟ್ಟು ಹೊರಡೋ ಮುಂಚಿನ ವಾರ ಭಾರತೀಯ ಅಂಗಡಿಗೆ ಕರಕೊಂಡು ಹೋಗಿ ಒಂದು ಡಬ್ಬಿ ಗಟ್ಟಿ ಇಂಗು ಕೊಡಿಸಿದೆ. ಹಸಿ ಮೂಸು, ಆಮೇಲೆ ತುಪ್ಪದಲ್ಲಿ ಒಂದು ಕಾಳು ಹಾಕಿ ಮೂಸು, ಎರಡಕ್ಕೂ ಏನು ವ್ಯತ್ಯಾಸ ಅಂತ ಬರೆದಿಡು ಅಂದೆ. ಇಷ್ಟು ಮಾಡಿದ್ದೂ ಆ ಉದ್ಯಮಕ್ಕೆ ನೆರವು ಆಗುತ್ತಾ ಅಂತ ಲಾಯರನ್ನ ಕೇಳಬಹುದಿತ್ತು. ಇನ್ನೊಂದು ಹದಿನೈದು ನಿಮಿಷದ ಬಿಲ್ಲು ಬೇಡ ಅಂತ ಸುಮ್ಮನಾದೆ.

ಈಗ ಅವರ ಲ್ಯಾಬಿನ ಮೂಸೋ ಫಾರಮ್ಮಿನಲ್ಲಿ ನಿಂಬೆ, ಪೈನ್, ಹಣ್ಣು, ಪೆಟ್ರೋಲ್, ಸ್ಕಂಕ್ ಕಾಲಮ್ಮುಗಳ ಪಕ್ಕದಲ್ಲಿ 'ಹಿಂಗ್' ಅಂತ ಒಂದು ಕಾಲಂ ಸೇರಿದೆಯಂತೆ, ಹಸಿ ಮತ್ತು ಹುರಿದದ್ದು ಅಂತ ಎರಡು ಭಾಗ ಮಾಡಿ. ಸೊನ್ನೆಯಿಂದ ಐದರವರೆಗೆ ಅಂಕ. ಕಳೆದ ತಿಂಗಳು ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕಿದ್ದ. ಒಂದು ಜೋಡಿಯ ಇನ್ನೂರು ಮಕ್ಕಳಲ್ಲಿ ಒಂದೇ ಒಂದಕ್ಕೆ ಹುರಿದ ಇಂಗು ನಾಲ್ಕು ಬಂದಿದೆ, ಟಿಎಚ್‌ಸಿ ಕಮ್ಮಿ, ಇಳುವರಿ ಇನ್ನೂ ಕಮ್ಮಿ, ಮ್ಯಾನೇಜರ್ ಕಿತ್ತುಹಾಕು ಅಂತಿದಾನೆ, ಏನು ಮಾಡಲಿ ಅಂತ. ಕಿತ್ತರೆ ಕೀಳಲಿ, ಅದಕ್ಕೂ ಮುಂಚೆ ಎರಡು ಕಡ್ಡಿ ಕತ್ತರಿಸಿ ಬೇರೆ ಕುಂಡದಲ್ಲಿ ನೆಡು ಅಂತ ಬರೆದೆ.